ನಿಂತ ಕಾರು, ನಿಲ್ಲದ ಬ್ಯಾಟರಿ



ಬಾದಾಮಿಯಿಂದ ಬನಶಂಕರಿ, ಚೊಳಚಗುಡ್ಡದ ದಾರಿ ಹಿಡಿದು ಮುಂದೆ ಹೋದರೆ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರ ಸಿಗುತ್ತದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಸಂಸ್ಥೆ ಇದು. ವಟುಗಳ ವಿದ್ಯಾಭ್ಯಾಸಕ್ಕೆ, ಗೋಶಾಲೆಗೆ, ಅಲ್ಲಿ ತಯಾರಾಗುವ ವಿಭೂತಿಗೆ ನಾಡಿನಲ್ಲೆಲ್ಲ ಹೆಸರಾಗಿದೆ. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ನಾವು ಅಲ್ಲಿಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಘಟನೆಯಿಂದ ಈ ಲೇಖನ ಹುಟ್ಟಿತು.

ಇಳಕಲ್ಲ ಕಡೆಯ ನಿವೃತ್ತ ಮಾಸ್ತರರೊಬ್ಬರು ಶ್ರಾವಣ ಮಾಸವನ್ನು ಅಲ್ಲಿಯೇ ಕಳೆಯಲು ಬಂದಿದ್ದರು. ತಮ್ಮ ಸಣ್ಣ ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದವರು ತಿಂಗಳಿಡೀ ಅದರ ಕಡೆ ತಿರುಗಿ ನೋಡಿರಲಿಲ್ಲ. ಬೆನಕನ ಅಮಾವಾಸ್ಯೆಯ ಮರುದಿನ ಊರಿಗೆ ಹೊರಡಲೆಂದು ಕೀಲಿ ತಿರುಗಿಸಿದರೆ ಬರೀ 'ಟಕ್, ಟಕ್' ಎಂಬ ಸದ್ದು. ಸುತ್ತಲೂ ಜನ ಸೇರಿದರು. ಒಬ್ಬರು "ತಳ್ಳಿದರ ಚಾಲೂ ಆಗತೈತಿ" ಎಂದರು. ಇನ್ನೊಬ್ಬರು "ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಇಡಬೇಕಾಗಿತ್ತರೀ" ಎಂದರು. ಆಗ ಹನ್ನೆರಡು ವರ್ಷದ ವಟುವೊಬ್ಬ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಸರ, ಈ ಕಾರು ಒಂದ್ ತಿಂಗಳಾತು ನಿಂತಲ್ಲೇ ನಿಂತೈತಿ. ಲೈಟ್ ಹಚ್ಚಿಲ್ಲ, ಹಾರ್ನ್ ಹೊಡದಿಲ್ಲ. ಖರ್ಚೇ ಆಗದ ಬ್ಯಾಟರಿ ಖಾಲಿ ಹೆಂಗ ಆತ್ರೀ?"

ಒಳ್ಳೆಯ ಪ್ರಶ್ನೆ. ಅಲ್ಲಿದ್ದ ದೊಡ್ಡವರೆಲ್ಲ ಕಾರನ್ನು ಚಾಲೂ ಮಾಡುವುದು ಹೇಗೆಂದು ಯೋಚಿಸುತ್ತಿದ್ದರೆ, ಅದು ನಿಂತದ್ದು ಏಕೆಂದು ಕೇಳಿದವನು ಆ ಹುಡುಗನೊಬ್ಬನೇ. ಉತ್ತರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಕಾರು ನಿಲ್ಲುತ್ತದೆ, ಬ್ಯಾಟರಿ ನಿಲ್ಲುವುದಿಲ್ಲ. ಅದರೊಳಗಿನ ರಸಾಯನ ಕ್ರಿಯೆಗೆ ರಜೆ ಎಂಬುದಿಲ್ಲ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಪೆಟ್ಟಿಗೆಯ ಒಳಗೆ

ಕಾರಿನ ಬ್ಯಾಟರಿಗೆ ಸೀಸ-ಆಮ್ಲ ಸಂಚಯಕ ಎಂದು ಹೆಸರು. ಇದನ್ನು 1859ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ವಿಜ್ಞಾನಿ ಗ್ಯಾಸ್ಟನ್ ಪ್ಲಾಂಟೆ. ಒಮ್ಮೆ ಖರ್ಚಾದ ಮೇಲೂ ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ಮೊದಲ ಬ್ಯಾಟರಿ ಅದು. ಆದರೆ ಕಾರನ್ನು ಚಾಲೂ ಮಾಡುವ ಕೆಲಸ ಅದಕ್ಕೆ ಬಂದದ್ದು ಬಹಳ ತಡವಾಗಿ. ಶಿವಯೋಗ ಮಂದಿರ ಆರಂಭವಾದ 1909ರಲ್ಲಿ ಕಾರುಗಳನ್ನು ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಿಯೇ ಚಾಲೂ ಮಾಡಬೇಕಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಬಂದದ್ದು 1912ರಲ್ಲಿ. ಅಲ್ಲಿಂದ ಮುಂದೆ ತೋಳಿನ ಬಲದ ಜಾಗಕ್ಕೆ ಬ್ಯಾಟರಿ ಬಂತು.

ಬ್ಯಾಟರಿಯ ಪೆಟ್ಟಿಗೆಯಲ್ಲಿ ಆರು ಮನೆಗಳಿರುತ್ತವೆ. ಒಂದೊಂದು ಮನೆಯೂ ಸುಮಾರು 2.1 ವೋಲ್ಟ್ ಕೊಡುತ್ತದೆ. ಆರೂ ಸೇರಿ 12.6 ವೋಲ್ಟ್. ಪ್ರತಿ ಮನೆಯಲ್ಲಿಯೂ ಎರಡು ಬಗೆಯ ಫಲಕಗಳು ಸಾರರಿಕ್ತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಧನ ಫಲಕದ ಮೇಲೆ ಸೀಸದ ಡೈಆಕ್ಸೈಡ್, ಋಣ ಫಲಕದ ಮೇಲೆ ಸ್ಪಂಜಿನಂತೆ ರಂಧ್ರಗಳಿರುವ ಶುದ್ಧ ಸೀಸ.

ವಿದ್ಯುತ್ ಹರಿಯುವಾಗ ಎರಡೂ ಫಲಕಗಳು ಆಮ್ಲದೊಡನೆ ವರ್ತಿಸಿ ನಿಧಾನವಾಗಿ ಸೀಸದ ಸಲ್ಫೇಟ್ ಆಗುತ್ತವೆ. ಆಮ್ಲ ಖರ್ಚಾಗಿ ನೀರು ಹುಟ್ಟುತ್ತದೆ. ಚಾರ್ಜ್ ಮಾಡುವಾಗ ಇದೇ ಕ್ರಿಯೆ ಹಿಂದುಮುಂದಾಗಿ ನಡೆಯುತ್ತದೆ: ಸಲ್ಫೇಟ್ ಕರಗಿ ಸೀಸ, ಡೈಆಕ್ಸೈಡ್, ಆಮ್ಲ ಮರಳಿ ಬರುತ್ತವೆ. ಹೈಡ್ರೋಮೀಟರಿನಿಂದ ಅಳೆದರೆ ತುಂಬಿದ ಬ್ಯಾಟರಿಯ ದ್ರಾವಣದ ಸಾಪೇಕ್ಷ ಸಾಂದ್ರತೆ ಸುಮಾರು 1.26 ಇರುತ್ತದೆ, ಖಾಲಿಯಾದಾಗ 1.12ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಬ್ಯಾಟರಿ 'ಇಳಿಯುವುದು' ಎಂದರೆ ಅದರ ಆಮ್ಲ ತೆಳುವಾಗಿ ನೀರಿಗೆ ಹತ್ತಿರವಾಗುವುದು.

ಎರಡು ಸೋರಿಕೆಗಳು

ನಿಂತ ಕಾರಿನ ಬ್ಯಾಟರಿ ಎರಡು ದಾರಿಯಲ್ಲಿ ಸೋರುತ್ತದೆ.

ಒಂದನೆಯದು ಒಳಸೋರಿಕೆ. ತಂತಿಯನ್ನೇ ಜೋಡಿಸದೆ ಮೂಲೆಯಲ್ಲಿಟ್ಟರೂ ಫಲಕದ ಸೀಸ ಆಮ್ಲದೊಡನೆ ಬಲು ನಿಧಾನವಾಗಿ ವರ್ತಿಸುತ್ತಲೇ ಇರುತ್ತದೆ. ಇದಕ್ಕೆ ಸ್ವಯಂ ವಿಸರ್ಜನೆ ಎನ್ನುತ್ತಾರೆ. ಹಳೆಯ ಬಗೆಯ ಬ್ಯಾಟರಿಗಳಲ್ಲಿ ಸೀಸದ ಜಾಲರಿಗೆ ಬಲ ಬರಲೆಂದು ಆಂಟಿಮನಿ ಬೆರೆಸುತ್ತಿದ್ದರು; ಅದು ಈ ಸೋರಿಕೆಯನ್ನು ಹೆಚ್ಚಿಸುತ್ತದೆ. ಇಂದು ಹೆಚ್ಚಾಗಿ ಕ್ಯಾಲ್ಸಿಯಂ ಬೆರೆಸುವುದರಿಂದ ಸೋರಿಕೆ ಕಡಿಮೆಯಾಗಿದೆ, ನಿಂತಿಲ್ಲ.

ಇಲ್ಲಿ ನಮ್ಮ ಊರಿನ ಹವೆಯ ಮಾತು ಬರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ರಸಾಯನ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ನಿಯಮವನ್ನು ನೀವು ರಸಾಯನಶಾಸ್ತ್ರದಲ್ಲಿ ಓದಿರುತ್ತೀರಿ. 20 ಡಿಗ್ರಿಯಲ್ಲಿ ತಿಂಗಳಿಗೆ ನೂರಕ್ಕೆ 4 ಪಾಲು ಸೋರುವ ಬ್ಯಾಟರಿ 30 ಡಿಗ್ರಿಯಲ್ಲಿ 8 ಪಾಲು, 40 ಡಿಗ್ರಿಯಲ್ಲಿ 16 ಪಾಲು ಸೋರೀತು. ಬಾಗಲಕೋಟೆ, ಹುನಗುಂದದ ಬೇಸಿಗೆಯ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ನಿಂತ ಕಾರಿನ ಬಾನೆಟ್ ಕೆಳಗೆ ಎಷ್ಟು ಕಾವು ಇರುತ್ತದೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ತಂಪು ದೇಶದ ಪುಸ್ತಕಗಳಲ್ಲಿ 'ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ' ಎಂದು ಬರೆದಿದ್ದರೆ ನಮಗೆ ಅದು ತಿಂಗಳಿಗೊಮ್ಮೆ ಎಂದೇ ಓದಿಕೊಳ್ಳಬೇಕು.

ಎರಡನೆಯದು ಹೊರಸೋರಿಕೆ. ಹಳೆಯ ಅಂಬಾಸಿಡರ್ ಕಾರಿನಲ್ಲಾಗಲಿ, ನಿಮ್ಮ ಅಜ್ಜನ ಕಾಲದ ಟ್ರ್ಯಾಕ್ಟರಿನಲ್ಲಾಗಲಿ ಕೀಲಿ ತೆಗೆದರೆ ವಿದ್ಯುತ್ತಿನ ಕೆಲಸ ಮುಗಿಯಿತು. ಇಂದಿನ ಕಾರು ಹಾಗಲ್ಲ. ಕೀಲಿ ತೆಗೆದ ಮೇಲೂ ಗಡಿಯಾರ ಓಡುತ್ತದೆ, ರೇಡಿಯೊ ತನ್ನ ನೆನಪನ್ನು ಉಳಿಸಿಕೊಳ್ಳುತ್ತದೆ, ಕಳ್ಳರನ್ನು ಕಾಯುವ ಅಲಾರಂ ಎಚ್ಚರವಾಗಿರುತ್ತದೆ, ಬಾಗಿಲಿನ ಬೀಗ ರಿಮೋಟಿನ ಕರೆಗೆ ಕಾದು ಕುಳಿತಿರುತ್ತದೆ, ಎಂಜಿನ್ನಿನ ಕಂಪ್ಯೂಟರ್ ಅರೆನಿದ್ದೆಯಲ್ಲಿರುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ಸದಾ ಹರಿಯುತ್ತಿರುತ್ತದೆ. ನಲ್ಲಿಯಿಂದ ತೊಟ್ಟಿಕ್ಕುವ ಹನಿಯಂತೆ, ನೋಡಿದರೆ ಏನೂ ಅಲ್ಲ. ಆದರೆ ಹನಿಗೂಡಿದರೆ ಹಳ್ಳ ಎಂಬ ಗಾದೆ ನಮ್ಮದೇ ಅಲ್ಲವೆ?

ಕಾಗದ, ಪೆನ್ಸಿಲು ತೆಗೆದುಕೊಳ್ಳಿ

ಸಣ್ಣ ಪೆಟ್ರೋಲ್ ಕಾರಿನಲ್ಲಿ ಸಾಮಾನ್ಯವಾಗಿ 35 ಆಂಪಿಯರ್-ಗಂಟೆಯ ಬ್ಯಾಟರಿ ಇರುತ್ತದೆ. ಒಂದು ಆಂಪಿಯರ್‌ನಂತೆ ಹರಿಸಿದರೆ 35 ಗಂಟೆ ಬಾಳೀತು ಎಂದು ಸ್ಥೂಲವಾಗಿ ಇದರ ಅರ್ಥ. ಹೊರಸೋರಿಕೆ 30 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. 0.030 ಆಂಪಿಯರನ್ನು 24 ಗಂಟೆಗಳಿಂದ ಗುಣಿಸಿದರೆ ದಿನಕ್ಕೆ 0.72 ಆಂಪಿಯರ್-ಗಂಟೆ. 30 ದಿನಕ್ಕೆ 21.6. ಮಾಸ್ತರರ ಕಾರು ಶ್ರಾವಣದಲ್ಲಿ ಕಳೆದುಕೊಂಡದ್ದು ಹೆಚ್ಚುಕಡಿಮೆ ಇಷ್ಟು. ಒಳಸೋರಿಕೆಯ ಎರಡು ಮೂರು ಆಂಪಿಯರ್-ಗಂಟೆ ಬೇರೆ. ಹೊಸ ಬ್ಯಾಟರಿಯಾದರೆ ಆಗಲೂ ಹತ್ತರಷ್ಟು ಉಳಿದಿರುತ್ತಿತ್ತು. ಹಳೆಯದಾಗಿ 25 ಆಂಪಿಯರ್-ಗಂಟೆ ಮಾತ್ರ ಹಿಡಿಯುವಂತಾಗಿದ್ದರೆ? ಸೊನ್ನೆಗೆ ಬಂದು ನಿಲ್ಲುತ್ತದೆ. ವಟುವಿನ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಇದು.

ಈ ಪ್ರಯೋಗವನ್ನು ನಾಡಿನವರೆಲ್ಲ ಒಟ್ಟಿಗೆ ಮಾಡಿದ ಕಾಲವೂ ಒಂದಿತ್ತು. 2020ರ ಮಾರ್ಚ್ 25ರಿಂದ ಮೇ 31ರವರೆಗೆ, ಕೊರೋನಾ ಕಾರಣದಿಂದ ದೇಶದಲ್ಲಿ 68 ದಿನ ಲಾಕ್‌ಡೌನ್ ಇತ್ತು. 68ನ್ನು 0.72ರಿಂದ ಗುಣಿಸಿ ನೋಡಿ: 49 ಆಂಪಿಯರ್-ಗಂಟೆ. ಇರುವುದೇ 35! ಬಿಡಿ, ಸೋರಿಕೆ 20 ಮಿಲಿಆಂಪಿಯರ್ ಎಂದರೂ 32.6 ಆಗುತ್ತದೆ. ಬಾಗಿಲು ತೆರೆದ ಮೇಲೆ ಎಷ್ಟೋ ಮನೆಗಳ ಮುಂದೆ ಕಾರುಗಳು ಏಕೆ ಮಾತಾಡಲಿಲ್ಲ ಎಂಬುದಕ್ಕೆ ಈ ಒಂದು ಗುಣಾಕಾರ ಸಾಕು. ಅದೂ ಸುಡು ಬೇಸಿಗೆಯ ಎರಡು ತಿಂಗಳು.

ಖಾಲಿಯಾಗುವುದಲ್ಲ, ಖಾಲಿಯಾಗಿ ಉಳಿಯುವುದು

'ಖಾಲಿಯಾದರೆ ಏನಂತೆ, ಮತ್ತೆ ತುಂಬಿಸಿದರಾಯಿತು' ಎಂದು ನಿಮಗೆ ಅನ್ನಿಸಬಹುದು. ಬ್ಯಾಟರಿ ನೀರಿನ ಕೊಡವಾಗಿದ್ದರೆ ಆ ಮಾತು ಸರಿ. ಖಾಲಿ ಕೊಡ ವರ್ಷಗಟ್ಟಲೆ ಖಾಲಿಯಿದ್ದರೂ ಕೆಡುವುದಿಲ್ಲ. ಬ್ಯಾಟರಿ ಕೆಡುತ್ತದೆ.

ವಿದ್ಯುತ್ ಖರ್ಚಾದಾಗ ಫಲಕದ ಮೇಲೆ ಹುಟ್ಟುವ ಸೀಸದ ಸಲ್ಫೇಟ್ ಮೊದಲಿಗೆ ಬಲು ನುಣುಪಾದ ಕಣಗಳಾಗಿರುತ್ತದೆ. ಕೂಡಲೆ ಚಾರ್ಜ್ ಮಾಡಿದರೆ ಸುಲಭವಾಗಿ ಕರಗಿ ಹಿಂದಿರುಗುತ್ತದೆ. ಹಾಗೆಯೇ ವಾರಗಟ್ಟಲೆ ಬಿಟ್ಟರೆ ಸಣ್ಣ ಕಣಗಳು ಕರಗಿ ದೊಡ್ಡ ಹರಳುಗಳಿಗೆ ಸೇರಿಕೊಳ್ಳುತ್ತ ಹೋಗುತ್ತವೆ. ಡಬ್ಬಿಯಲ್ಲಿಟ್ಟ ಬೆಲ್ಲದ ಪುಡಿ ಮಳೆಗಾಲದಲ್ಲಿ ಗಟ್ಟಿ ಹೆಂಟೆಯಾಗುವುದನ್ನು ನೀವು ಅಡುಗೆಮನೆಯಲ್ಲಿ ಕಂಡಿರಬಹುದು, ಹೆಚ್ಚುಕಡಿಮೆ ಹಾಗೆ. ಈ ಗಟ್ಟಿ ಹರಳಿನ ಮೂಲಕ ವಿದ್ಯುತ್ ಸರಿಯಾಗಿ ಹರಿಯದು, ಆಮ್ಲವೂ ಒಳಗೆ ಇಳಿಯದು. ಅಷ್ಟು ಫಲಕ ಸತ್ತಂತೆಯೇ. ಇದಕ್ಕೆ ಸಲ್ಫೇಟೀಕರಣ ಎನ್ನುತ್ತಾರೆ.

ಆದ್ದರಿಂದ ಈ ಲೇಖನದಲ್ಲಿ ನೀವು ನೆನಪಿಡಬೇಕಾದ ವಾಕ್ಯ ಒಂದೇ: ಬ್ಯಾಟರಿಯನ್ನು ಕೊಲ್ಲುವುದು ಖಾಲಿಯಾಗುವುದಕ್ಕಿಂತ ಹೆಚ್ಚಾಗಿ ಖಾಲಿಯಾಗಿ ಉಳಿಯುವುದು. ಇಳಿದ ಬ್ಯಾಟರಿಯನ್ನು ಇಂದೇ ತುಂಬಿಸಿದರೆ ಬದುಕುತ್ತದೆ. ಎರಡು ತಿಂಗಳು ಬಿಟ್ಟು ತುಂಬಿಸಿದರೆ ತುಂಬಿದಂತೆ ತೋರುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಒಂದು ಎಚ್ಚರದ ಮಾತು. ನಿಮ್ಮ ಮೊಬೈಲಿನಲ್ಲಿರುವುದು ಲಿಥಿಯಂ ಬ್ಯಾಟರಿ. ಅದನ್ನು ಬಹುಕಾಲ ಇಡುವುದಾದರೆ ಅರ್ಧದಷ್ಟು ತುಂಬಿ ಇಡುವುದು ಒಳ್ಳೆಯದು. ಸೀಸದ ಬ್ಯಾಟರಿಗೆ ಪೂರ್ತಿ ತುಂಬಿಯೇ ಇಡಬೇಕು. ಒಂದರ ನಿಯಮ ಇನ್ನೊಂದಕ್ಕೆ ಸಲ್ಲದು. ವಿದ್ಯುತ್ ಕಾರುಗಳಲ್ಲಿಯೂ ದೊಡ್ಡ ಲಿಥಿಯಂ ಬ್ಯಾಟರಿಯ ಜೊತೆಗೆ ದೀಪ, ಬೀಗಗಳಿಗೆಂದು 12 ವೋಲ್ಟಿನ ಸಣ್ಣ ಬ್ಯಾಟರಿ ಸಾಮಾನ್ಯವಾಗಿ ಇರುತ್ತದೆ. ಅದು ಇಳಿದರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ.

ಐದು ನಿಮಿಷದ ನಂಬಿಕೆ

'ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿಟ್ಟರೆ ಸಾಕು' ಎಂಬ ಮಾತು ಎಲ್ಲ ಊರಿನಲ್ಲಿಯೂ ಇದೆ. ಇದನ್ನೂ ಲೆಕ್ಕಕ್ಕೆ ಹಚ್ಚೋಣ.

ಸ್ಟಾರ್ಟರ್ ಮೋಟಾರು 150 ಆಂಪಿಯರಿನಷ್ಟು ವಿದ್ಯುತ್ತನ್ನು 3 ಸೆಕೆಂಡು ಎಳೆಯಿತೆನ್ನಿ. 450 ಆಂಪಿಯರ್-ಸೆಕೆಂಡು, 3600ರಿಂದ ಭಾಗಿಸಿದರೆ 0.125 ಆಂಪಿಯರ್-ಗಂಟೆ. ಅಬ್ಬರ ದೊಡ್ಡದು, ಖರ್ಚು ಸಣ್ಣದು. ಎಂಜಿನ್ ಓಡುವಾಗ ಆಲ್ಟರ್ನೇಟರ್ 10 ಆಂಪಿಯರಿನಂತೆ 5 ನಿಮಿಷ ತುಂಬಿಸಿದರೆ 0.83 ಆಂಪಿಯರ್-ಗಂಟೆ ಜಮಾ. ಚಾಲೂ ಮಾಡಿದ ಖರ್ಚು ಕಳೆದು ಉಳಿದದ್ದು 0.7. ವಾರದ ಹೊರಸೋರಿಕೆ ಎಷ್ಟು? 0.72ರ ಏಳರಷ್ಟು, ಅಂದರೆ 5. ಐದು ರೂಪಾಯಿ ಸಾಲಕ್ಕೆ ಎಪ್ಪತ್ತು ಪೈಸೆ ತೀರಿಸಿದಂತಾಯಿತು. ಹೀಗೆ ಮಾಡುತ್ತ ಹೋದವನ ಬ್ಯಾಟರಿಯೂ ಎರಡು ತಿಂಗಳೊಳಗೆ ಕೈ ಕೊಡುತ್ತದೆ. 'ತಪ್ಪದೆ ಚಾಲೂ ಮಾಡಿದ್ದೆನಲ್ಲ' ಎಂದು ಅವನು ಬ್ಯಾಟರಿಯನ್ನೇ ಬೈಯುತ್ತಾನೆ.

ಎಂಜಿನ್ ಪೂರ್ತಿ ಕಾಯದೆ ನಿಂತರೆ ಹೊಗೆಯ ಕೊಳವೆಯಲ್ಲಿ ನೀರು ಉಳಿದು ತುಕ್ಕು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಸೇರುವ ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲದ, ವಾಸನೆಯಿಲ್ಲದ ಆ ಅನಿಲ ಜೀವ ತೆಗೆಯುತ್ತದೆ. ವಾರಕ್ಕೊಮ್ಮೆ ಕಾರನ್ನು ಹೊರಗೆ ತೆಗೆದು, ಎ.ಸಿ., ದೀಪ ಹಚ್ಚದೆ ಅರ್ಧ ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿದರೆ ಮಾತ್ರ ಪ್ರಯೋಜನ.

ಇಂಥದೇ ಇನ್ನೊಂದು ನಂಬಿಕೆ: ಸಿಮೆಂಟಿನ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬುದು. ಮರದ, ಗಟ್ಟಿ ರಬ್ಬರಿನ ಪೆಟ್ಟಿಗೆಗಳಿದ್ದ ಕಾಲದಲ್ಲಿ ಅದಕ್ಕೆ ಆಧಾರವಿತ್ತು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಯಿಂದ ನೆಲಕ್ಕೆ ವಿದ್ಯುತ್ ಹರಿಯುವುದಿಲ್ಲ. ಆದರೂ ಹಲಗೆಯ ಮೇಲಿಡುವುದು ಒಳ್ಳೆಯದೇ. ಆಮ್ಲ ತುಳುಕಿದರೆ ನೆಲ ಉಳಿಯುತ್ತದೆ.

ಹಾಗಾದರೆ ಏನು ಮಾಡಬೇಕು?

ಕಾರು ಎಷ್ಟು ದಿನ ನಿಲ್ಲುತ್ತದೆ ಎಂಬುದರ ಮೇಲೆ ಉಪಾಯ ನಿಂತಿದೆ.

ಒಂದೆರಡು ವಾರವಾದರೆ ಏನೂ ಬೇಡ. ಒಳಗಿನ ದೀಪ ಆರಿದೆಯೆ, ಬಾಗಿಲು, ಡಿಕ್ಕಿ ಸರಿಯಾಗಿ ಮುಚ್ಚಿವೆಯೆ ಎಂದು ನೋಡಿದರೆ ಸಾಕು. 5 ವ್ಯಾಟಿನ ಒಂದು ಪುಟ್ಟ ದೀಪ ಉರಿಯುತ್ತ ಉಳಿದರೆ ನಾಲ್ಕು ದಿನದೊಳಗೆ ಎಲ್ಲ ಮುಗಿಯುತ್ತದೆ.

ಒಂದೆರಡು ತಿಂಗಳಾದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಋಣ ಟರ್ಮಿನಲ್ಲಿನ ತಂತಿಯನ್ನು ಬಿಚ್ಚಿಡಿ. ಹೊರಸೋರಿಕೆ ಅಲ್ಲಿಗೆ ನಿಂತಿತು. ಮೊದಲು ಋಣವನ್ನೇ ಏಕೆ ಬಿಚ್ಚಬೇಕು? ಕಾರಿನ ಇಡೀ ಮೈ ಋಣಕ್ಕೆ ಜೋಡಿಸಿರುತ್ತದೆ. ಮೊದಲು ಧನವನ್ನು ಬಿಚ್ಚಲು ಹೋಗಿ ಪಾನಾ ಕಾರಿನ ಕಬ್ಬಿಣಕ್ಕೆ ತಾಗಿದರೆ ನೂರಾರು ಆಂಪಿಯರ್ ಒಮ್ಮೆಲೇ ಹರಿದು ಕಿಡಿ ಹಾರುತ್ತದೆ, ಪಾನಾ ಕೆಂಪಗೆ ಕಾಯುತ್ತದೆ. ಮರಳಿ ಜೋಡಿಸುವಾಗ ಧನ ಮೊದಲು, ಋಣ ಕಡೆಗೆ. ತಂತಿ ಬಿಚ್ಚಿದರೆ ಗಡಿಯಾರ, ರೇಡಿಯೊ ಮರೆತುಹೋಗುತ್ತವೆ, ಅಲಾರಂ ಕೆಲಸ ಮಾಡದು, ರಿಮೋಟಿಗೆ ಬೀಗ ತೆರೆಯದು. ಲೋಹದ ಕೀಲಿ ಕೈಯಲ್ಲಿರಲಿ.

ಅದಕ್ಕೂ ಹೆಚ್ಚು ಕಾಲವಾದರೆ ಎರಡು ದಾರಿ. ಮನೆಯಲ್ಲಿ ಯಾರಾದರೂ ಇದ್ದರೆ ತಿಂಗಳಿಗೊಮ್ಮೆ ಚಾರ್ಜರಿಗೆ ಹಾಕುವುದು. ಚಾರ್ಜಿನ ವಿದ್ಯುತ್ ಬ್ಯಾಟರಿಯ ಆಂಪಿಯರ್-ಗಂಟೆಯ ಹತ್ತನೆಯ ಒಂದು ಪಾಲು ಇದ್ದರೆ ಒಳ್ಳೆಯದು. 35ರ ಬ್ಯಾಟರಿಗೆ ಮೂರೂವರೆ ಆಂಪಿಯರ್. ಅವಸರಕ್ಕೆ ಹೆಚ್ಚು ಹರಿಸಿದರೆ ಕಾದು ಫಲಕ ಹಾಳಾಗುತ್ತದೆ. ಇನ್ನೊಂದು ದಾರಿ, ತಾನಾಗಿ ವೋಲ್ಟೇಜು ಇಳಿಸಿಕೊಳ್ಳುವ ಚಾರ್ಜರ್. ಅದು ಮೊದಲು 14.4 ವೋಲ್ಟಿನವರೆಗೆ ತುಂಬಿಸಿ, ಆಮೇಲೆ 13.2ರಿಂದ 13.8 ವೋಲ್ಟಿನ ನಡುವೆ ಹಿಡಿದು, ಸೋರಿದಷ್ಟನ್ನು ಮಾತ್ರ ಭರ್ತಿ ಮಾಡುತ್ತಿರುತ್ತದೆ. ಹಳೆಯ ಸಾದಾ ಚಾರ್ಜರನ್ನು ಹೀಗೆ ದಿನಗಟ್ಟಲೆ ಬಿಡಬಾರದು. ಅದು ತುಂಬಿದ ಮೇಲೂ ತುಂಬಿಸುತ್ತಲೇ ಇದ್ದು ಒಳಗಿನ ನೀರನ್ನು ಅನಿಲವಾಗಿ ಒಡೆಯುತ್ತದೆ. ಹಸಿವು ಎಷ್ಟು ಕೆಟ್ಟದ್ದೋ ಅಜೀರ್ಣವೂ ಅಷ್ಟೇ ಕೆಟ್ಟದ್ದು.

ನಮ್ಮ ಭಾಗದಲ್ಲಿ ಕರೆಂಟಿಗಿಂತ ನಂಬಿಕೆಯ ಇನ್ನೊಂದು ಮೂಲವಿದೆ: ಬಿಸಿಲು. 5 ವ್ಯಾಟಿನ ಸಣ್ಣ ಸೌರಫಲಕಕ್ಕೆ ದಿನಕ್ಕೆ 5 ಗಂಟೆ ಒಳ್ಳೆಯ ಬಿಸಿಲು ಸಿಕ್ಕರೆ, ನಷ್ಟವನ್ನು ಕಳೆದು ಸುಮಾರು 17 ವ್ಯಾಟ್-ಗಂಟೆ ಬರುತ್ತದೆ. 12ರಿಂದ ಭಾಗಿಸಿ: 1.4 ಆಂಪಿಯರ್-ಗಂಟೆ. ದಿನದ 0.72ರ ಸೋರಿಕೆಯನ್ನು ತುಂಬಿ ಮಿಗುತ್ತದೆ. ರಾತ್ರಿ ವಿದ್ಯುತ್ ಹಿಂದಕ್ಕೆ ಹರಿಯದಂತೆ ಡಯೋಡ್, ಹಗಲು ಅತಿಯಾಗಿ ತುಂಬದಂತೆ ಚಾರ್ಜ್ ನಿಯಂತ್ರಕ ಇರಬೇಕು. ದುಡಿಮೆಗೆಂದು ಗೋವೆಗೋ ಮಂಗಳೂರಿಗೋ ಗುಳೆ ಹೋಗುವ ಮನೆಯ ಗಾಡಿಗೆ, ಕಬ್ಬಿನ ಹಂಗಾಮು ಮುಗಿದು ನಿಂತ ಟ್ರ್ಯಾಕ್ಟರಿಗೆ ಇದು ಹೇಳಿ ಮಾಡಿಸಿದ ಉಪಾಯ.

ನಾಡಿ ನೋಡುವುದು

ವೈದ್ಯರು ನಾಡಿ ಹಿಡಿದಂತೆ ಬ್ಯಾಟರಿಯ ನಾಡಿ ಹಿಡಿಯಲು ಸಾದಾ ಮಲ್ಟಿಮೀಟರ್ ಸಾಕು. ಕಾರು ನಿಂತು, ಅಥವಾ ಚಾರ್ಜರ್ ತೆಗೆದು, ಆರೇಳು ಗಂಟೆ ಕಳೆದ ಮೇಲೆ ಅಳೆಯಬೇಕು. ಕೂಡಲೆ ಅಳೆದರೆ ಸುಳ್ಳು ಹೇಳುತ್ತದೆ. 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು. 12.2 ಅರ್ಧ. 12.0 ಕಾಲು ಭಾಗ. 11.8 ಎಂದರೆ ಖಾಲಿ. ಪೂರ್ತಿಗೂ ಖಾಲಿಗೂ ನಡುವೆ ಒಂದು ವೋಲ್ಟಿನ ಅಂತರವೂ ಇಲ್ಲ ಎಂಬುದನ್ನು ಗಮನಿಸಿ. '12 ಇದೆಯಲ್ಲ, ಸರಿಯಾಗಿದೆ' ಎನ್ನುವವರು ಮೋಸ ಹೋಗುವುದು ಇಲ್ಲೇ. 12.4ಕ್ಕೆ ಇಳಿದ ದಿನವೇ ಚಾರ್ಜ್ ಮಾಡಿ.

ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಫಲಕಗಳು ಮುಳುಗಿರುವಂತೆ ನೋಡಿಕೊಳ್ಳಿ. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಲವಣ, ಕಬ್ಬಿಣಗಳು ಒಳಸೋರಿಕೆಯನ್ನು ಹೆಚ್ಚಿಸುತ್ತವೆ. ಆಮ್ಲವನ್ನಂತೂ ಹಾಕಲೇಬಾರದು, ಆವಿಯಾಗಿ ಹೋದದ್ದು ನೀರು, ಆಮ್ಲವಲ್ಲ.

ಮೂರು ಅಪಾಯಗಳು

ಇದನ್ನು ಓದಿ ಉತ್ಸಾಹದಿಂದ ಬಾನೆಟ್ ತೆರೆಯುವ ಮೊದಲು ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ.

ಒಂದು, ಅನಿಲ. ಚಾರ್ಜ್ ಆಗುವಾಗ ಬ್ಯಾಟರಿ ಜಲಜನಕವನ್ನು ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿಗೆ ಸಿಡಿಯುತ್ತದೆ. ಗಾಳಿಯಾಡುವ ಜಾಗದಲ್ಲಿ ಚಾರ್ಜ್ ಮಾಡಿ. ಬೀಡಿ, ಊದುಬತ್ತಿ, ದೀಪ ಹತ್ತಿರ ಬೇಡ. ಇನ್ನೊಂದು ಕಾರಿನಿಂದ ಕೇಬಲ್ ಹಾಕಿ ಚಾಲೂ ಮಾಡುವಾಗಲೂ ಕಡೆಯ ಋಣ ತಂತಿಯನ್ನು ಸತ್ತ ಬ್ಯಾಟರಿಗೆ ಜೋಡಿಸದೆ, ಅದರಿಂದ ದೂರದ ಎಂಜಿನ್ನಿನ ಲೋಹಕ್ಕೆ ಜೋಡಿಸುವುದು ಈ ಕಾರಣಕ್ಕೇ.

ಎರಡು, ಆಮ್ಲ. ಟರ್ಮಿನಲ್ಲಿನ ಸುತ್ತ ಬಿಳಿಯ, ಕೆಲವೊಮ್ಮೆ ನೀಲಿಹಸಿರಿನ ಪುಡಿ ಬೆಳೆದಿರುತ್ತದೆ. ನೋಡಲು ಬೂದಿಯಂತಿದ್ದರೂ ಕೈಯಿಂದ ಮುಟ್ಟುವಂಥದಲ್ಲ. ಕೈಗವಸು, ಕನ್ನಡಕ ಧರಿಸಿ, ಅಡುಗೆ ಸೋಡಾ ಬೆರೆಸಿದ ಬೆಚ್ಚನೆಯ ನೀರಿನಿಂದ ಹಳೆಯ ಬ್ರಷ್ಷಿನಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಿ. ಸೋಡಾನೀರು ಬ್ಯಾಟರಿಯ ಒಳಗೆ ಇಳಿಯದಿರಲಿ. ಆಮ್ಲ ಕಣ್ಣಿಗೆ ಸಿಡಿದರೆ ಸಾಕಷ್ಟು ಹೊತ್ತು ನೀರಿನಿಂದ ತೊಳೆದು ಕೂಡಲೆ ಆಸ್ಪತ್ರೆಗೆ ಹೋಗಬೇಕು.

ಮೂರು, ಸೀಸ. ಇದು ನಿಧಾನದ ವಿಷ. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಜಗತ್ತಿನ ಮೂರರಲ್ಲಿ ಒಂದು ಮಗುವಿನ ರಕ್ತದಲ್ಲಿ ಕಳವಳಪಡುವಷ್ಟು ಸೀಸವಿದೆ ಎಂದು ಯುನಿಸೆಫ್ 2020ರಲ್ಲಿ ವರದಿ ಮಾಡಿತು. ಹಳೆಯ ಬ್ಯಾಟರಿಗಳನ್ನು ಹಿತ್ತಿಲಲ್ಲಿ ಒಡೆದು ಸೀಸ ಕರಗಿಸುವ ಕೆಲಸ ಅದರ ಮುಖ್ಯ ಕಾರಣಗಳಲ್ಲೊಂದು. ಬ್ಯಾಟರಿ ಸತ್ತರೆ ಗುಜರಿಯವನಿಗೆ ಕೊಡದೆ, ಹೊಸದನ್ನು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿ. ಹಳೆಯದಕ್ಕೆ ಬೆಲೆಯಲ್ಲಿ ಕಡಿತ ಸಿಗುತ್ತದೆ. ಅದನ್ನು ಮರಳಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ನಿಮ್ಮ ಮನೆಯ ಬ್ಯಾಟರಿ ಎರಡು ವರ್ಷ ಹೆಚ್ಚು ಬಾಳಿದರೆ ಅಷ್ಟು ಸೀಸ ಕರಗುವುದು ತಪ್ಪಿತು ಎಂಬುದೂ ಲೆಕ್ಕಕ್ಕೆ ಬರಬೇಕು.

ಮತ್ತೆ ಬೇವಿನ ಮರದ ಕೆಳಗೆ

ಆ ದಿನ ಮಾಸ್ತರರ ಕಾರನ್ನು ಹುಡುಗರು ತಳ್ಳಿ ನೋಡಿದರು. ಏಳಲಿಲ್ಲ. ಇಂದಿನ ಕಾರಿನಲ್ಲಿ ಪೆಟ್ರೋಲ್ ಎತ್ತುವ ಪಂಪು, ಅದನ್ನು ಆಳುವ ಕಂಪ್ಯೂಟರ್ ಎರಡಕ್ಕೂ ವಿದ್ಯುತ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ತಳ್ಳಿದವರ ಬೆವರು ವ್ಯರ್ಥ. ಕಡೆಗೆ ನಮ್ಮ ವ್ಯಾನಿನಿಂದ ಕೇಬಲ್ ಹಾಕಿ ಚಾಲೂ ಮಾಡಿಸಿದೆವು. ಊರು ಮುಟ್ಟಿ, ಮರುದಿನ ಬೆಳಿಗ್ಗೆ ಮತ್ತೆ ಅದೇ 'ಟಕ್ ಟಕ್' ಎಂದು ಅವರು ಫೋನು ಮಾಡಿದರು. ವಿಚಾರಿಸಿದರೆ, ಅದೇ ವರ್ಷದ ಬೇಸಿಗೆಯಲ್ಲಿ ಮಗಳ ಊರಿಗೆ ಹೋದಾಗಲೂ ಕಾರು ಎರಡು ತಿಂಗಳು ಹಾಗೆಯೇ ನಿಂತಿತ್ತಂತೆ. ಸಲ್ಫೇಟು ಆಗಲೇ ಹರಳುಗಟ್ಟಿತ್ತು. ಹೊಸ ಬ್ಯಾಟರಿಗೆ ಅವರ ಪಿಂಚಣಿಯ ಕೆಲವು ಸಾವಿರ ರೂಪಾಯಿ ಹೋಯಿತು. ಋಣ ತಂತಿಯನ್ನು ಬಿಚ್ಚಲು ಹಿಡಿಯುವುದು ಎರಡು ನಿಮಿಷ.

ಹಣದ ಮಾತು ಇರಲಿ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಕಡೆ ಓಣಿಗೊಂದೇ ಕಾರು. ನಡುರಾತ್ರಿ ಹೆರಿಗೆಯ ನೋವೋ, ಎದೆನೋವೋ ಬಂದಾಗ ಆ ಬಾಗಿಲನ್ನೇ ಬಡಿಯುತ್ತಾರೆ. ಆ ಹೊತ್ತಿಗೆ 'ಟಕ್ ಟಕ್' ಎಂದರೆ ಅದರ ಬೆಲೆ ರೂಪಾಯಿಯಲ್ಲಿಲ್ಲ.

ಆ ವಟುವಿಗೆ ನಾನು ಇಷ್ಟು ಲೆಕ್ಕವನ್ನೂ ಅವನ ನೋಟ್‌ಬುಕ್ಕಿನಲ್ಲೇ ಬಿಡಿಸಿ ತೋರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾರ ಸರ, ಸುಮ್ನ ನಿಂತದ್ದು ಯಾವುದೂ ಸುಮ್ನ ನಿಂತಿರಂಗಿಲ್ಲ" ಎಂದ. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ನೀವೇ ಮಾಡಿ ನೋಡಿ

1. ಮನೆಯಲ್ಲಿ ಅಥವಾ ಓಣಿಯಲ್ಲಿ ನಿಂತಿರುವ ಒಂದು ವಾಹನದ ಬ್ಯಾಟರಿಯ ವೋಲ್ಟೇಜನ್ನು, ಒಡೆಯರ ಅನುಮತಿ ಪಡೆದು, ವಾರಕ್ಕೊಮ್ಮೆ ಅದೇ ಹೊತ್ತಿಗೆ ನಾಲ್ಕು ವಾರ ಅಳೆದು ನಕ್ಷೆ ಬರೆಯಿರಿ. ಋಣ ತಂತಿ ಬಿಚ್ಚಿದ ವಾಹನಕ್ಕೂ ಬಿಚ್ಚದ ವಾಹನಕ್ಕೂ ಎಷ್ಟು ವ್ಯತ್ಯಾಸವಿದೆ?

2. 60 ಆಂಪಿಯರ್-ಗಂಟೆಯ ಬ್ಯಾಟರಿಯಿರುವ ವಾಹನದ ಹೊರಸೋರಿಕೆ 50 ಮಿಲಿಆಂಪಿಯರ್ ಇದೆ. ಒಳಸೋರಿಕೆಯನ್ನು ಬಿಟ್ಟರೆ ಅದು ಅರ್ಧಕ್ಕೆ ಇಳಿಯಲು ಎಷ್ಟು ದಿನ ಬೇಕು?

3. ಇದೇ ವಾಹನಕ್ಕೆ ಮೋಡ ಕವಿದ ಮಳೆಗಾಲದಲ್ಲಿ, ದಿನಕ್ಕೆ 2 ಗಂಟೆಯಷ್ಟೇ ಒಳ್ಳೆಯ ಬಿಸಿಲು ಸಿಗುವಾಗ, 5 ವ್ಯಾಟಿನ ಸೌರಫಲಕ ಸಾಕಾದೀತೆ? ಸಾಲದಿದ್ದರೆ ಎಷ್ಟು ವ್ಯಾಟಿನದು ಬೇಕು?